ತಾತನ ಜಗಲಿ: ಹಳೆಯದು ಬೇರೆ, ಸವೆದದ್ದು ಬೇರೆ

ಪ್ರೀತಿಯ ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ಅಜ್ಜ-ಅಜ್ಜಿಯರೇ,

ಈ ವಾರ ಜಗಲಿಯಲ್ಲಿ ನಾನೊಬ್ಬನೇ ಇಲ್ಲ. ನನ್ನ ಪಕ್ಕದಲ್ಲಿ ಒಂದು ಸೈಕಲ್ಲು ಗೋಡೆಗೆ ಒರಗಿ ನಿಂತಿದೆ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಬಡಕಲು ಚಕ್ರ, ಮಡ್‌ಗಾರ್ಡೂ ಇಲ್ಲ, ಕ್ಯಾರಿಯರೂ ಇಲ್ಲ. ನಮ್ಮ ಕಾಲದಲ್ಲಿ ಇದಕ್ಕೆ ರೇಸ್ ಸೈಕಲ್ಲು ಅನ್ನುತ್ತಿದ್ದೆವು. ಈಗಿನವರು ರೋಡ್ ಬೈಕ್ ಅನ್ನುತ್ತಾರೆ. ಇದನ್ನು ಕೊಂಡ ಕಥೆಯಲ್ಲಿ ನನ್ನದೊಂದು ತಪ್ಪಿದೆ. ಆ ತಪ್ಪನ್ನು ನಿಮ್ಮ ಮನೆಯಲ್ಲಿ ಯಾರೂ ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳು ಪುಟ್ಟಿ ಒಂಬತ್ತನೇ ಕ್ಲಾಸು. ಅವಳ ಗೆಳತಿಯರು ಭಾನುವಾರ ಬೆಳಗ್ಗೆ ಗೇರ್ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತಾರೆ. ಮೈಸೂರಿನಲ್ಲಿದ್ದು ಬೆಟ್ಟ ಹತ್ತದಿದ್ದರೆ ಹೇಗೆ? ಆದರೆ ಹೊಸ ರೋಡ್ ಬೈಕಿಗೆ ಅಂಗಡಿಯವರು ಹೇಳಿದ ಬೆಲೆ ಕೇಳಿ ನಾನು, ಅವಳು ಇಬ್ಬರೂ ಸುಮ್ಮನೆ ಮನೆಗೆ ಬಂದೆವು. ಅಷ್ಟರಲ್ಲಿ ನಮ್ಮ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು, "ನನ್ನ ಸೈಕಲ್ಲು ಮೂಲೇಲಿ ಕೂತಿದೆ. ಮಂಡಿ ನೋವು, ಇನ್ನು ನನ್ನ ಕೈಲಾಗಲ್ಲ. ಮಗು ಓಡಿಸೋದಾದ್ರೆ ತಗೊಂಡು ಹೋಗಿ" ಅಂದರು. 1983ರಲ್ಲಿ ಇಂಗ್ಲೆಂಡಿನಲ್ಲಿ ಓದು ಮುಗಿಸಿ ಬರುವಾಗ ಅವರು ತಂದ ಸೈಕಲ್ಲು ಅದು. ಹಿಂದೆ ಆರು ಹಲ್ಲುಚಕ್ರ, ಮುಂದೆ ಎರಡು. ಆರೆರಡಲ ಹನ್ನೆರಡು ಗೇರು. ಮೂರು ಸಾವಿರಕ್ಕೆ ಮಾತಾಯಿತು.

ನಾನು ಪರೀಕ್ಷೆ ಮಾಡಿದ್ದು ಇಷ್ಟೇ. ಬೆಲ್ಲು ಬಾರಿಸಿದೆ. ಟೈರು ಒತ್ತಿದೆ, ಗಾಳಿ ನಿಂತಿತ್ತು. ಬ್ರೇಕು ಹಿಡಿದೆ, ಅದು ಹೋಗಿ ರಿಮ್ಮಿಗೆ ತಾಗಿತು. ರಿಮ್ಮಂತೂ ಮುಖ ನೋಡಿಕೊಳ್ಳುವಂತೆ ಥಳಥಳ ಹೊಳೆಯುತ್ತಿತ್ತು. "ಆಗಿನ ಕಾಲದ ಮಾಲು, ಗಟ್ಟಿ! ಏನೂ ಬದಲಾಯಿಸೋದು ಬೇಡ" ಅಂತ ತೀರ್ಪು ಕೊಟ್ಟೆ.

ಅಂದು ಸಂಜೆ ಜೂನ್ ತಿಂಗಳ ತುಂತುರು ಮಳೆ. ನಮ್ಮ ಬೀದಿ ದೊಡ್ಡ ರಸ್ತೆಯ ಕಡೆಗೆ ಇಳಿಜಾರು. ಪುಟ್ಟಿ ಮೇಲಿನಿಂದ ಇಳಿದು ಬಂದಳು. ತಿರುವಿನಲ್ಲಿ ಬ್ರೇಕು ಹಿಡಿದದ್ದು ನನಗೇ ಕಂಡಿತು. ಸೈಕಲ್ಲು ಮಾತ್ರ ನಿಲ್ಲಲಿಲ್ಲ. ದೊಡ್ಡ ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. ಮನೆ ಕಟ್ಟುವವರು ಮೂಲೆಯಲ್ಲಿ ಮರಳು ಸುರಿದಿದ್ದರು. ಹುಡುಗಿ ಬುದ್ಧಿ ಓಡಿಸಿ ಸೈಕಲ್ಲನ್ನು ಮರಳಿನ ಗುಡ್ಡೆಗೆ ನುಗ್ಗಿಸಿದಳು. ಅಂಗೈ, ಮಂಡಿ ತರಚಿತು. ಎದ್ದು ಬಂದು, "ಬ್ರೇಕ್ ಹಿಡಿದೆ ತಾತ. ಅದು ಹಿಡೀಲೇ ಇಲ್ಲ" ಅಂದಳು.

ಅವಳ ಅಜ್ಜಿ ಏನೂ ಅನ್ನಲಿಲ್ಲ. ಗಾಯ ತೊಳೆದು ಔಷಧಿ ಹಚ್ಚಿದಳು. ಏನಾದರೂ ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನ ಸೈಕಲ್ಲನ್ನು ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಯಜಮಾನರಿಗೆ ಬೀದಿಯ ಮಕ್ಕಳೆಲ್ಲ ಸೈಕಲ್ ಮಾಮ ಅನ್ನುತ್ತಾರೆ. ನಡೆದದ್ದು ಕೇಳಿ, ಪುಟ್ಟಿಯ ಕೈಗೆ ಒಂದು ಕಾಗದ, ಪೆನ್ಸಿಲ್ಲು ಕೊಟ್ಟರು.

"ಮೂರು ಗೆರೆ ಹಾಕು ಮಗಳೇ. ಒಂದರಲ್ಲಿ ಹಳೇದು ಅಂತ ಬರಿ. ಎರಡನೇದ್ರಲ್ಲಿ ಸವೆದದ್ದು. ಮೂರನೇದ್ರಲ್ಲಿ ಜೋಡಿ ಸಿಗದ್ದು."

ಆಮೇಲೆ ನನ್ನ ಕಡೆ ತಿರುಗಿದರು. "ಸಾರ್, ಹಳೇದನ್ನೆಲ್ಲ ತೆಗೀತೀನಿ ಅಂದ್ರೆ ಹೊಸ ಸೈಕಲ್ಲೇ ತಗೋಬೇಕು. ಹಳೇದು ಅಂದ್ರೆ ವಯಸ್ಸಾಗಿದೆ ಅಷ್ಟೇ, ಕೆಲಸ ಮಾಡತ್ತೆ. ಅದನ್ನ ಬಿಡಿ. ಸವೆದದ್ದನ್ನ ಮಾತ್ರ ಒಂದು ದಿನಾನೂ ಬಿಡಬಾರ್ದು. ಮೂರನೇದು ಸ್ವಲ್ಪ ತರಲೆ. ಈಗ ಚೆನ್ನಾಗೇ ಇರತ್ತೆ. ನಾಳೆ ಕೆಟ್ರೆ ಅದರ ಜೋಡಿ ಸಾಮಾನು ಎಲ್ಲೂ ಸಿಗಲ್ಲ."

ಮೊದಲು ಅವರು ನೋಡಿದ್ದು ಬ್ರೇಕನ್ನಲ್ಲ, ಫ್ರೇಮನ್ನು. ಫ್ರೇಮು ಸೈಕಲ್ಲಿನ ಬೆನ್ನೆಲುಬು. ಉಳಿದದ್ದನ್ನೆಲ್ಲ ಬದಲಾಯಿಸಬಹುದು, ಫ್ರೇಮೇ ಕೆಟ್ಟಿದ್ದರೆ ಆ ಸೈಕಲ್ಲನ್ನು ಕೊಳ್ಳಲೇಬಾರದು. ಹ್ಯಾಂಡಲ್ಲಿನ ಕೆಳಗೆ ಓರೆಯಾಗಿ ಇಳಿಯುವ ಕೊಳವೆಯ ಅಡಿಭಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಎಲ್ಲಿಗಾದರೂ ಜೋರಾಗಿ ಗುದ್ದಿದ್ದರೆ ಅಲ್ಲಿ ಬಣ್ಣ ಸುಕ್ಕುಗಟ್ಟಿರುತ್ತದೆ. ಪಕ್ಕದಿಂದ ನೋಡಿದರೆ ಮುಂದಿನ ಫೋರ್ಕು ಹಿಂದಕ್ಕೆ ಬಾಗಿರಬಾರದು. ಬೆಸುಗೆಯ ಹತ್ತಿರ ಕೂದಲೆಳೆಯ ಬಿರುಕೂ ಇರಬಾರದು. ಕೊನೆಗೆ, ಓಡಿಸುವವರು ಮೇಲಿನ ಅಡ್ಡ ಕೊಳವೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತಾಗ ಎರಡೂ ಪಾದ ನೆಲದ ಮೇಲೆ ಆರಾಮಾಗಿ ಕೂರಬೇಕು. ನಮ್ಮ ಮೇಷ್ಟ್ರು ಗಿಡ್ಡ, ಪುಟ್ಟಿ ಉದ್ದ. ಅಳತೆ ಸರಿಹೋಯಿತು. ಫ್ರೇಮು ‘ಹಳೇದು’ ಪಟ್ಟಿಗೆ ಸೇರಿ ಪಾಸಾಯಿತು.

ಆಮೇಲೆ ಬ್ರೇಕು. "ಉಗುರಿಂದ ಒತ್ತು" ಅಂದರು ಮಾಮ. ಪುಟ್ಟಿ ಬ್ರೇಕಿನ ರಬ್ಬರನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದಳು. ಗುರುತೇ ಮೂಡಲಿಲ್ಲ. ಹೊಸ ರಬ್ಬರನ್ನು ಒತ್ತಿಸಿದರು, ಉಗುರು ಸ್ವಲ್ಪ ಇಳಿದು ಗೆರೆ ಬಿತ್ತು. ರಬ್ಬರು ಉಪಯೋಗಿಸಿದರೆ ಸವೆಯುತ್ತದೆ, ಉಪಯೋಗಿಸದಿದ್ದರೂ ವರ್ಷ ಕಳೆದಂತೆ ಕಲ್ಲಾಗುತ್ತದೆ. ಮೂಲೆಯಲ್ಲಿ ಕೂತಿದ್ದ ಸೈಕಲ್ಲು ಸವೆದಿಲ್ಲ ಅಂತ ತಿಳಿಯುವುದು ನನ್ನಂಥ ಮುದುಕರು ಮಾಡುವ ಮೊದಲ ತಪ್ಪು. ಕೂತಲ್ಲೇ ಕೂತರೆ ಕೀಲು ಬಿಗಿಯುವುದು ನಮಗೇ ಗೊತ್ತಿರಬೇಕಿತ್ತು.

ಎರಡನೆಯ ತಪ್ಪು ಆ ಹೊಳೆಯುವ ರಿಮ್ಮು. ಅದು ಕ್ರೋಮ್ ಲೇಪದ ಕಬ್ಬಿಣ. ಒಣಗಿದ್ದಾಗ ಹೇಗೋ ನಡೆಯುತ್ತದೆ. ಮಳೆಯಲ್ಲಿ ಆ ನುಣುಪಿನ ಮೇಲೆ ನೀರಿನ ತೆಳು ಪದರ ನಿಂತುಬಿಡುತ್ತದೆ, ರಬ್ಬರು ಹಿಡಿಯುವ ಬದಲು ಜಾರುತ್ತದೆ. ಅಲ್ಯುಮಿನಿಯಂ ರಿಮ್ಮು ನೋಡಲು ಮಂಕು, ಆದರೆ ಒದ್ದೆಯಲ್ಲಿ ಅದಕ್ಕಿಂತ ಎಷ್ಟೋ ಬೇಗ ಹಿಡಿತ ಕೊಡುತ್ತದೆ. ಹಾಗಂತ ಅಲ್ಯುಮಿನಿಯಂ ಇದ್ದರೂ ಮಳೆಯಲ್ಲಿ ಬ್ರೇಕನ್ನು ಮೊದಲೇ ಹಿಡಿಯಬೇಕು ಮಕ್ಕಳೇ, ಇದನ್ನು ಮರೆಯಬೇಡಿ.

ಇನ್ನು ಟೈರು. ಗಾಳಿ ನಿಂತಿತ್ತು ನಿಜ. ಆದರೆ ಪಕ್ಕದ ಗೋಡೆಯನ್ನು ಬಗ್ಗಿಸಿ ನೋಡಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಇಂಥ ಟೈರು ಇಳಿಜಾರಿನಲ್ಲಿ ಸಿಡಿದರೆ ದೇವರೇ ಗತಿ. "ಬೇರೆ ಟೈರು ಹಾಕಿ ಮಾಮ" ಅಂದಳು ಪುಟ್ಟಿ. ಮಾಮ ತಲೆ ಕೆರೆದುಕೊಂಡರು. ಇಲ್ಲಿ ಶುರುವಾಯಿತು ಮೂರನೇ ಪಟ್ಟಿಯ ತರಲೆ.

ಟೈರಿನ ಮೈಮೇಲೆ 32-630 ಅಂತ ಅಚ್ಚಾಗಿತ್ತು. ನಿಮ್ಮ ಮನೆಯ ಸೈಕಲ್ ಟೈರಿನ ಮೇಲೂ ಇಂಥ ಎರಡು ಸಂಖ್ಯೆ ಇರಬಹುದು, ಹುಡುಕಿ. ಮೊದಲನೆಯದು ಟೈರಿನ ದಪ್ಪ. ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ಈಗಿನ ರೋಡ್ ಬೈಕಿನ ಚಕ್ರಕ್ಕೆ 700ಸಿ ಅನ್ನುತ್ತಾರೆ, ಅದರ ವ್ಯಾಸ 622. ಮೇಷ್ಟ್ರ ಸೈಕಲ್ಲಿನದು 27 ಇಂಚಿನ ಚಕ್ರ, ಅದರದು 630. ಹಾಲಿನವರು ಓಡಿಸುವ ನಮ್ಮ ದೊಡ್ಡ ಕರಿ ಸೈಕಲ್ಲಿನ 28 ಇಂಚಿನ ಚಕ್ರದ್ದು 635. ಮೂರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಕಣ್ಣಿಗೆ ಅಣ್ಣ-ತಮ್ಮಂದಿರ ಹಾಗೆ ಕಾಣುತ್ತವೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಸಡಿಲವಾದರೆ ಕಳಚಿಕೊಳ್ಳುತ್ತದೆ, ಬಿಗಿಯಾದರೆ ಹತ್ತುವುದೇ ಇಲ್ಲ. ನಮ್ಮ ಊರಿನ ನಾಲ್ಕು ಅಂಗಡಿ ಅಲೆದರೂ 630ರ ಟೈರು ಸಿಗಲಿಲ್ಲ. 622ರದು ಬೇಕಾದಷ್ಟಿತ್ತು.

ಗಾಳಿ ತುಂಬಿದ ಟೈರನ್ನು ಲೋಕಕ್ಕೆ ರೂಢಿ ಮಾಡಿದ್ದು ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ. ಬೆಲ್‌ಫಾಸ್ಟ್ ಊರಿನಲ್ಲಿ ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲು ಗಡಗಡ ಅನ್ನಬಾರದು ಅಂತ ಆತ ಅದನ್ನು ಮಾಡಿದ. 1888ರಲ್ಲಿ ಪೇಟೆಂಟ್ ಪಡೆದ. ಒಬ್ಬ ಅಪ್ಪ ಮಗುವಿನ ಮೈ ಕುಲುಕದಿರಲಿ ಅಂತ ಮಾಡಿದ ವಸ್ತು ಅದು. ಬಿರುಕು ಬಿಟ್ಟ ಟೈರಿನಲ್ಲಿ ಮೊಮ್ಮಗಳನ್ನು ಕಳಿಸಿದ್ದ ನಾನು ಇದನ್ನು ನೆನೆದು ಇನ್ನಷ್ಟು ಕುಗ್ಗಿದೆ.

ಮಾಮ ಒಂದು ದಾರಿ ಹೇಳಿದರು. ರಿಮ್ಮನ್ನು ಹೇಗೂ ತೆಗೆಯಬೇಕು. ಹಾಗಾದರೆ ಹೊಸ ರಿಮ್ಮನ್ನು 622ರ ಅಳತೆಯದ್ದೇ ಹಾಕೋಣ. ನಡುವಿನ ಹಬ್ಬು ಗಟ್ಟಿಯಾಗಿದೆ. ಅದನ್ನು ಬಿಚ್ಚಿ, ಹೊಸ ಗುಂಡು, ಹೊಸ ಗ್ರೀಸು ಹಾಕಿದರೆ ಇನ್ನೂ ಎಷ್ಟೋ ವರ್ಷ ತಿರುಗುತ್ತದೆ. ಹಬ್ಬಿನಲ್ಲಿ 36 ತೂತು, ರಿಮ್ಮಿನಲ್ಲೂ 36 ತೂತು ಇರಬೇಕು. ಎಣಿಸಿದ್ದು ಪುಟ್ಟಿ. ರಿಮ್ಮು ಚಿಕ್ಕದಾದ್ದರಿಂದ ಕಡ್ಡಿಯ ಉದ್ದವೂ ಬೇರೆ. ಎರಡು ಚಕ್ರಕ್ಕೆ 72 ಕಡ್ಡಿ.

"ರಿಮ್ಮು ಚಿಕ್ಕದಾದ್ರೆ ಬ್ರೇಕ್ ರಬ್ಬರು ಎಲ್ಲಿಗೆ ತಾಗತ್ತೆ ಮಾಮ?" ಅಂದಳು ಪುಟ್ಟಿ. ನನಗೆ ಹೊಳೆಯದ ಪ್ರಶ್ನೆ! ಲೆಕ್ಕ ಮಾಡಿ: 630ರಲ್ಲಿ 622 ಕಳೆದರೆ 8. ಅದು ವ್ಯಾಸದ ಲೆಕ್ಕ. ಬ್ರೇಕು ಇರುವುದು ಒಂದು ಕಡೆ, ಆದ್ದರಿಂದ ಅರ್ಧ, 4 ಮಿಲಿಮೀಟರು. ಬ್ರೇಕಿನ ತೋಳಿನಲ್ಲಿ ಒಂದು ಸೀಳು ಇರುತ್ತದೆ, ಅದರಲ್ಲಿ ರಬ್ಬರನ್ನು ಮೇಲೆ ಕೆಳಗೆ ಸರಿಸಬಹುದು. ನಮ್ಮದರಲ್ಲಿ 4 ಮಿಲಿಮೀಟರು ಇಳಿಸಲು ಜಾಗವಿತ್ತು. ಇಲ್ಲದಿದ್ದರೆ ಬ್ರೇಕನ್ನೇ ಉದ್ದ ತೋಳಿನದ್ದಕ್ಕೆ ಬದಲಾಯಿಸಬೇಕಾಗುತ್ತಿತ್ತು. ರಬ್ಬರು ಟೈರಿಗೆ ತಾಗಿದರೆ ಟೈರನ್ನು ಕೊಯ್ಯುತ್ತದೆ, ತೀರ ಕೆಳಗಿದ್ದರೆ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಬ್ರೇಕಿನ ತಂತಿ ಬಿಚ್ಚಿದಾಗ ಒಳಗೆ ತುಕ್ಕು, ತುದಿಯಲ್ಲಿ ಎರಡು ಎಳೆ ಕಿತ್ತುಹೋಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಹಳೆ ಸೈಕಲ್ಲು ಕೊಂಡರೆ ಬ್ರೇಕು, ಗೇರು ಎರಡರ ತಂತಿಯನ್ನೂ, ಅದರ ಹೊರಕವಚವನ್ನೂ ಕಣ್ಣು ಮುಚ್ಚಿ ಬದಲಾಯಿಸಿ. ಖರ್ಚು ಕಡಿಮೆ, ನೆಮ್ಮದಿ ಹೆಚ್ಚು.

ಚೈನಿಗೆ ಮಾಮ ಸ್ಕೂಲಿನ ಸ್ಕೇಲನ್ನೇ ಇಟ್ಟರು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಒಂದೂವರೆ ಮಿಲಿಮೀಟರು ಆಚೆ ಹೋಗಿದ್ದರೆ ಚೈನು ಸವೆದಿದೆ. ಮೂರು ಮಿಲಿಮೀಟರು ಹೋಗಿದ್ದರೆ ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿಂದುಹಾಕಿರುತ್ತದೆ. ಆಗ ಬರೀ ಚೈನು ಹೊಸದು ಹಾಕಿದರೆ ತುಳಿದಾಗ ಟಕ್ ಟಕ್ ಅಂತ ಹಾರುತ್ತದೆ. ನಮ್ಮದು ಮೂರಕ್ಕೂ ಹೆಚ್ಚಿತ್ತು. ಚೈನು, ಫ್ರೀವೀಲು ಎರಡೂ ‘ಸವೆದದ್ದು’ ಪಟ್ಟಿಗೆ ಹೋದವು.

ಕೊನೆಗೆ ಉಳಿದದ್ದು ಗೇರಿನ ಕಡ್ಡಿ. ಇದು ಹ್ಯಾಂಡಲ್ಲಿನಲ್ಲಿ ಇಲ್ಲ, ಕೆಳಗೆ ಓರೆ ಕೊಳವೆಯ ಮೇಲಿದೆ. ಕೈ ಇಳಿಸಿ ಎಳೆಯಬೇಕು. ಈಗಿನ ಗೇರಿನ ಹಾಗೆ ಕ್ಲಿಕ್ ಅನ್ನುವುದಿಲ್ಲ. ಕ್ಲಿಕ್ ಗೇರು ಚಾಲ್ತಿಗೆ ಬಂದದ್ದು 1980ರ ದಶಕದ ನಡುವಿನಿಂದ ಈಚೆಗೆ. ಪುಟ್ಟಿಯ ಗೆಳತಿಯರ ಸೈಕಲ್ಲಿನಲ್ಲಿ ಬ್ರೇಕಿನ ಹಿಡಿಯಲ್ಲೇ ಗೇರೂ ಇದೆ. ಅವಳಿಗೆ ಅದೇ ಬೇಕು.

ಮಾಮ ಬೇಡ ಅನ್ನಲಿಲ್ಲ. ಲೆಕ್ಕ ಮಾತ್ರ ಹೇಳಿದರು. "ಆ ಹಿಡಿ ಹಾಕಿದ್ರೆ ಅದಕ್ಕೆ ಸರಿಹೋಗೋ ಗೇರಿನ ತೋಳು ಬೇಕು. ಆ ತೋಳಿಗೆ ಸರಿಹೋಗೋ ಹಲ್ಲುಚಕ್ರ ಬೇಕು. ಅದಕ್ಕೆ ಬೇರೆ ಹಬ್ಬು. ಆ ಹಬ್ಬು 130 ಮಿಲಿಮೀಟರು ಅಗಲ, ನಿಮ್ಮ ಫ್ರೇಮಿನ ಹಿಂದಿನ ಸಂದು 126. ಒಂದನ್ನ ಮುಟ್ಟಿದ್ರೆ ಐದು ಬದಲಾಗ್ಬೇಕು. ಈ ಹಳೇ ಕಡ್ಡಿ ನೋಡು, ಹಿಂದೆ ಐದು ಚಕ್ರ ಇರ್ಲಿ, ಆರಿರ್ಲಿ, ಏಳಿರ್ಲಿ, ಹೊಂದ್ಕೊಂಡು ಹೋಗತ್ತೆ. ಇದರಲ್ಲಿ ಕೆಡೋದಕ್ಕೇ ಏನಿಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. ನನಗೂ ಕೊಡಿಸಿಬಿಡೋಣ ಅನ್ನಿಸಿತು, ಮರಳಿನ ಗುಡ್ಡೆಯ ಋಣ ತೀರಿಸುವ ಆಸೆ. ಆದರೆ ಮೂಗಿಗಿಂತ ಮೂಗುತಿ ಭಾರವಾಗುತ್ತಿತ್ತು. ಅವಳೇ ಸ್ವಲ್ಪ ಹೊತ್ತು ಕಾಗದ ನೋಡಿ, ಗೇರಿನ ಕಡ್ಡಿಯನ್ನು ‘ಹಳೇದು’ ಪಟ್ಟಿಯಲ್ಲಿ ಬರೆದಳು.

ಈಗ ನೋಡಿ ಮಕ್ಕಳೇ, ಆ ಕಾಗದದ ತಮಾಷೆ. ಎಲ್ಲಕ್ಕಿಂತ ಹಳೆಯ ಕಾಲದ್ದಾಗಿ ಕಾಣುವ ಗೇರಿನ ಕಡ್ಡಿ ಉಳಿಯಿತು. ಎಲ್ಲಕ್ಕಿಂತ ಹೊಸದಾಗಿ ಹೊಳೆಯುತ್ತಿದ್ದ ರಿಮ್ಮು ಹೋಯಿತು. ಕಣ್ಣು ಹೇಳಿದ್ದೊಂದು, ಉಗುರು ಮತ್ತು ಸ್ಕೇಲು ಹೇಳಿದ್ದೇ ಇನ್ನೊಂದು.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅಜ್ಜಂದಿರಿಗೆ ಬೇಕಾಗುತ್ತದೆ. ರಿಮ್ಮು ಜೋಡಿ 1,800, ಕಡ್ಡಿ 600, ಟೈರು 1,600, ಟ್ಯೂಬು 500, ಬ್ರೇಕ್ ರಬ್ಬರು 300, ತಂತಿಗಳು 400, ಚೈನು 450, ಫ್ರೀವೀಲು 600, ಕೂಲಿ 1,000. ಒಟ್ಟು 7,250 ರೂಪಾಯಿ. ಕೊಂಡ 3,000 ಸೇರಿ 10,250. ಹಳೆ ಸೈಕಲ್ಲಿನ ಬೆಲೆ ಅಂದರೆ ಮಾರುವವರು ಹೇಳಿದ್ದಲ್ಲ, ಅದು ಸುರಕ್ಷಿತವಾಗಿ ಓಡುವ ದಿನಕ್ಕೆ ಆಗುವ ಮೊತ್ತ. ಕೊಳ್ಳುವ ಮೊದಲೇ ರಿಪೇರಿಯವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದರೆ, ಮೂರು ಸಾವಿರವನ್ನು ಎರಡಕ್ಕೆ ಇಳಿಸಿ ಎಂದು ನಾನೂ ಕೇಳಬಹುದಿತ್ತು.

ಒಂದು ವಾರದ ಮೇಲೆ ಮೇಷ್ಟ್ರು ಕೋಲೂರಿಕೊಂಡು ಸಂಜೆಯ ವಾಕಿಂಗಿಗೆ ಬಂದರು. ಗೇಟಿನ ಬಳಿ ಸೈಕಲ್ಲು ನೋಡಿ ನಿಂತರು. ನನಗೆ ಅಳುಕು. ನಲವತ್ತು ವರ್ಷ ಅವರು ಒರೆಸಿ ಒರೆಸಿ ಹೊಳಪು ಉಳಿಸಿದ ರಿಮ್ಮನ್ನೇ ತೆಗೆಸಿದ್ದೆನಲ್ಲ.

"ರಿಮ್ಮು ತೆಗೆಸಿದ್ರಾ?"

"ಹೂಂ ಮೇಷ್ಟ್ರೇ. ಮಳೇಲಿ ಬ್ರೇಕು ನಿಲ್ಲಲಿಲ್ಲ, ಮಗು ಬಿದ್ದಳು."

ಅವರು ಬಗ್ಗಿ ಹೊಸ ರಿಮ್ಮು ಮುಟ್ಟಿದರು. "ಒಳ್ಳೇದಾಯ್ತು. ಮಳೇಲಿ ಅದು ನಿಲ್ಲಲ್ಲ. ನಾನೂ ಎರಡು ಸಲ ಬಿದ್ದಿದ್ದೆ. ಆಮೇಲೆ ಮಳೆಗಾಲದಲ್ಲಿ ತೆಗೀತಾನೇ ಇರಲಿಲ್ಲ."

ಪುಟ್ಟಿ ಸುಮ್ಮನಿರುವವಳೇ? "ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ ಮೇಷ್ಟ್ರಜ್ಜ?"

ಮೇಷ್ಟ್ರು ಕೋಲು ಬದಲಾಯಿಸಿ ಹಿಡಿದರು. "ಹೇಳ್ಬೇಕಿತ್ತು ಕಂದ. ಮಾರೋವಾಗ ಅದರ ಒಳ್ಳೇದೇ ನೆನಪಿಗೆ ಬರತ್ತೆ. ನಿಮ್ಮ ತಾತನೂ ಕೇಳ್ಲಿಲ್ಲ."

ನಿಜ. ನಾನು ಬೆಲ್ಲು ಬಾರಿಸಿದೆ, ಬೆಲೆ ಕೇಳಿದೆ. ‘ಇದರಿಂದ ಯಾವತ್ತಾದರೂ ಬಿದ್ದಿದ್ದಿರಾ?’ ಅಂತ ಕೇಳಲಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿತ್ತು.

ಕಳೆದ ಭಾನುವಾರ ಪುಟ್ಟಿ ಅವಳ ಅಪ್ಪನ ಜೊತೆ ಬೆಟ್ಟ ಹತ್ತಿದಳು. ತಲೆಗೆ ಹೆಲ್ಮೆಟ್ಟು, ಮಂಡಿಯ ಮೇಲೆ ಒಣಗಿದ ಗಾಯದ ಕಲೆ. ನಾನು ತಪ್ಪಲಿನ ರಸ್ತೆ ಬದಿಯಲ್ಲಿ ಕಾಯುತ್ತಿದ್ದೆ. ರಾತ್ರಿಯ ಮಳೆಗೆ ರಸ್ತೆ ಇನ್ನೂ ಒದ್ದೆ. ಹತ್ತುವುದಕ್ಕಿಂತ ಇಳಿಯುವುದರ ಚಿಂತೆ ನನಗೆ. ತಿರುವಿನ ಆಚೆಯಿಂದ ಮೊದಲು ಕೇಳಿದ್ದು ಬ್ರೇಕ್ ರಬ್ಬರು ರಿಮ್ಮನ್ನು ಹಿಡಿದ ಸದ್ದು. ಆಮೇಲೆ ಅವಳು ಕಂಡಳು. ನನ್ನ ಮುಂದೆ ಸರಿಯಾಗಿ ನಿಲ್ಲಿಸಿ, ಒಂದು ಕಾಲು ಊರಿ, "ಗೇರು ಬದಲಾಯಿಸೋದು ಕಿವಿಯಿಂದ ಗೊತ್ತಾಗತ್ತೆ ತಾತ. ಸರಿಯಾಗಿ ಬಿದ್ರೆ ಚೈನು ಸುಮ್ಮನಾಗಿಬಿಡತ್ತೆ" ಅಂದಳು.

ಈ ವಾರದ ಕೆಲಸ: ಮನೆಯಲ್ಲಿರುವ ಯಾವುದೇ ಸೈಕಲ್ಲಿನ ಪಕ್ಕ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳಿ. ಒಂದು ಕಾಗದದಲ್ಲಿ ಮೂರು ಪಟ್ಟಿ ಮಾಡಿ: ಹಳೆಯದು, ಸವೆದದ್ದು, ಜೋಡಿ ಸಿಗದ್ದು. ಬ್ರೇಕ್ ರಬ್ಬರಿಗೆ ಉಗುರು, ಚೈನಿಗೆ ಸ್ಕೇಲು, ಟೈರಿಗೆ ಕಣ್ಣು. ಟೈರಿನ ಮೇಲಿನ ಎರಡು ಸಂಖ್ಯೆಯನ್ನೂ ಬರೆದುಕೊಳ್ಳಿ. ‘ಸವೆದದ್ದು’ ಪಟ್ಟಿಯಲ್ಲಿ ಒಂದು ಹೆಸರಿದ್ದರೂ, ಅದು ರಿಪೇರಿಯಾಗುವವರೆಗೆ ಆ ಸೈಕಲ್ಲನ್ನು ಇಳಿಜಾರಿಗೆ ಒಯ್ಯಬೇಡಿ.

ಮುಂದಿನ ವಾರ ಮತ್ತೆ ಜಗಲಿಯಲ್ಲಿ ಸಿಗೋಣ.

ನಿಮ್ಮ ತಾತ